ಗೋಡೆಗೆ ಮಣ್ಣಿನ ಬ್ಲಾಕೋ, ಎಎಸಿ ಎಂಬ ಹಗುರ ಕಾಂಕ್ರೀಟ್ ಬ್ಲಾಕೋ, ಸುಟ್ಟ ಇಟ್ಟಿಗೆಯೋ?

ಮೊದಲು ಮಣ್ಣು ನೋಡಿ. ಮೈಸೂರು ಸುತ್ತಿನ ಕೆಮ್ಮಣ್ಣಿಗೆ ಮರಳು, 7–8% ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿದರೆ ಗಟ್ಟಿ ಬ್ಲಾಕ್ ಸಿಗುತ್ತದೆ, ಸುಡುವ ಸೌದೆಯೇ ಬೇಡ. ಎರೆಮಣ್ಣು ಬೇಡವೇ ಬೇಡ: ನೆಂದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಗಾಜಿನ ಬಾಟಲಿಯಲ್ಲಿ ಮಣ್ಣು, ನೀರು ಕುಲುಕಿ ಒಂದು ದಿನ ಬಿಡಿ. ತಳದ ಮರಳಿನ ಪದರ ಮೂರನೇ ಎರಡು ಭಾಗಕ್ಕಿಂತ ಕಡಿಮೆಯಿದ್ದರೆ ಮರಳು ಸೇರಿಸಬೇಕು. ಒತ್ತಿದ ಬ್ಲಾಕಿಗೆ ಮೂರು ವಾರ ನೀರುಣಿಸದಿದ್ದರೆ ಅಂಚು ಉದುರುತ್ತದೆ. ಹೆಚ್ಚಿನ ಕೆಲಸ ಕೆಡುವುದು ಇಲ್ಲೇ.

ತೂಕದಲ್ಲಿ ಎಎಸಿಗೆ ಸಾಟಿಯಿಲ್ಲ: ಘನಮೀಟರಿಗೆ ಸುಮಾರು 600 ಕಿಲೋ, ಇಟ್ಟಿಗೆ 1,800ರ ಆಸುಪಾಸು. ಕಂಬ-ತೊಲೆಯ ಎರಡು ಮಹಡಿ ಬೇಗ ಏಳಬೇಕಿದ್ದರೆ ಅದೇ ಸರಿ. ಆದರೆ ಕಾಂಕ್ರೀಟ್ ಕಂಬ ಸೇರುವೆಡೆ ಫೈಬರ್ ಜಾಲರಿ ಹಾಕದೆ ಗಾರೆ ಬಳಿದರೆ ಬಿರುಕು ಖಚಿತ. ಭಾರದ ಕಪಾಟಿಗೆ ಸಾದಾ ಮೊಳೆ ನಿಲ್ಲದು.

ಖರ್ಚು? ಮಣ್ಣು ನಿವೇಶನದಲ್ಲೇ ಸಿಕ್ಕು, ಹೊರಗಾರೆ ಬಳಿಯದಿದ್ದರೆ ಮಾತ್ರ ಮಣ್ಣಿನ ಬ್ಲಾಕ್ ಉಳಿತಾಯ. ಒಂದಂತಸ್ತಿನ ಮನೆಗೆ, ಎರಡಡಿ ಸೂರು ಚಾಚಿದರೆ, ಅದನ್ನೇ ಆರಿಸಿ.

ಮಂಡ್ಯದ ನಾಲೆ ಬಯಲಲ್ಲಿ ತೇವ ಮೇಲೇರುತ್ತದೆ. ಅಲ್ಲಿ ಯಾವ ಗೋಡೆಯಾದರೂ ಅಡಿಪಾಯ ಸೈಜುಗಲ್ಲಿನದಿರಲಿ, ಮೇಲೆ ತೇವತಡೆ ಪದರವಿರಲಿ. ಚಿಕ್ಕ ರಿಪೇರಿ, ಹಳೆ ಗೋಡೆಗೆ ಜೋಡಣೆ ಎಂದರೆ ಸುಟ್ಟ ಇಟ್ಟಿಗೆಯೇ ಸಲೀಸು.