ಲಾಕ್ ಫೈಲ್ ಅಳಿಸುವ ಮುನ್ನ ಇದನ್ನು ಓದಿ

ಶುಕ್ರವಾರ ರಿಲೀಸ್ ಇತ್ತು. ಗುರುವಾರ ಸಂಜೆ ಆರೂವರೆಯ ಹೊತ್ತಿಗೆ ನನ್ನ ಬ್ರಾಂಚನ್ನು (ಕೋಡಿನ ನನ್ನ ಕೆಲಸದ ಪ್ರತಿಯನ್ನು) ಮುಖ್ಯ ಬ್ರಾಂಚಿಗೆ ಸೇರಿಸಲು ಹೊರಟಾಗ, ಯಾವ ಪ್ಯಾಕೇಜಿನ (ಇತರರು ಬರೆದು ಹಂಚಿದ ಕೋಡಿನ) ಯಾವ ಆವೃತ್ತಿ ಬೇಕೆಂದು ದಾಖಲಿಸುವ ಪ್ಯಾಕೇಜ್-ಲಾಕ್ ಫೈಲಿನಲ್ಲಿ ಎರಡು ಕಡೆಯ ಬದಲಾವಣೆಗಳು ತಾಳೆಯಾಗದೆ ಕಾನ್‌ಫ್ಲಿಕ್ಟ್ ಬಂದಿತು. ಸಾವಿರಾರು ಸಾಲುಗಳ ಆ ಫೈಲನ್ನು ಕೂತು ಓದಿ ಬಗೆಹರಿಸುವ ವ್ಯವಧಾನ ಯಾರಿಗೂ ಇರುವುದಿಲ್ಲ. ಆದ್ದರಿಂದ ನಮ್ಮ ತಂಡದಲ್ಲಿ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ: ಲಾಕ್ ಫೈಲನ್ನೂ ಪ್ಯಾಕೇಜುಗಳು ಇಳಿದು ಕೂರುವ ನೋಡ್ ಮಾಡ್ಯೂಲ್ಸ್ ಫೋಲ್ಡರನ್ನೂ ಅಳಿಸಿ, ಪ್ಯಾಕೇಜುಗಳನ್ನು ಹೊಸದಾಗಿ ತರಿಸುವ ಆಜ್ಞೆಯಾದ ಎನ್‌ಪಿಎಂ ಇನ್‌ಸ್ಟಾಲ್ ಎಂದು ಟೈಪಿಸಿ, ಅದು ಮುಗಿಯುವಷ್ಟರಲ್ಲಿ ಕೆಳಗಿಳಿದು ಚಹಾ ಕುಡಿದು ಬಂದೆ. ಟರ್ಮಿನಲ್‌ನಲ್ಲಿ ಎಂದಿನ ಸಾಲುಗಳೇ ಇದ್ದವು. ಬಿಲ್ಡ್ ಆಯಿತು, ಟೆಸ್ಟ್‌ಗಳು ಪಾಸಾದವು, ನಾನು ಮನೆಗೆ ಹೋದೆ.

ಮರುದಿನ ಬೆಳಿಗ್ಗೆ ಸಹೋದ್ಯೋಗಿಯೊಬ್ಬರು ನನ್ನ ಮೇಜಿನ ಬಳಿ ಬಂದು, "ನಿನ್ನೆ ಸಂಜೆ ನಿಮ್ಮ ಗಿಟ್‌ಹಬ್ ಖಾತೆಯಲ್ಲಿ ಒಂದು ಪಬ್ಲಿಕ್ ರೆಪೊ ಮಾಡಿದ್ದೀರಲ್ಲ, ಏನದು?" ಎಂದು ಕೇಳಿದರು. ಗಿಟ್‌ಹಬ್ ನಾವು ಕೋಡು ಇಡುವ ಜಾಲತಾಣ, ರೆಪೊ ಎಂದರೆ ಅಲ್ಲಿನ ಒಂದು ಕೋಡಿನ ಕೋಶ. ನಾನು ಯಾವ ರೆಪೊವನ್ನೂ ಮಾಡಿರಲಿಲ್ಲ. ತೆರೆದು ನೋಡಿದರೆ ಒಂದೇ ಒಂದು ಫೈಲು, ಅದರೊಳಗೆ ಉದ್ದಕ್ಕೂ ಅರ್ಥವಾಗದ ಅಕ್ಷರಗಳು. ಅದು ಗೂಢಲಿಪಿಯೂ ಅಲ್ಲ, ಬರೀ ಬೇಸ್-64, ಅಂದರೆ ಯಾರು ಬೇಕಾದರೂ ಮರಳಿ ಬಿಡಿಸಬಹುದಾದ ಅಕ್ಷರರೂಪ. ಎರಡು ಸಲ ಬಿಡಿಸಿದೊಡನೆ ನನ್ನ ಲ್ಯಾಪ್‌ಟಾಪಿನ ಹೊಟ್ಟೆಯೇ ಹೊರಗೆ ಬಿದ್ದಂತೆ ಕಂಡಿತು: ಕ್ಲೌಡ್ ಖಾತೆಯ ಕೀಲಿಗಳು, ಗಿಟ್‌ಹಬ್ ಟೋಕನ್ (ಪಾಸ್‌ವರ್ಡಿನಂತೆ ಕೆಲಸ ಮಾಡುವ ಗುಟ್ಟಿನ ಸಂಕೇತ), ಎನ್‌ಪಿಎಂ ಟೋಕನ್, ಟೆಸ್ಟ್ ಡೇಟಾಬೇಸಿನ ಪಾಸ್‌ವರ್ಡ್, ಇನ್ನೂ ಏನೇನೋ. ರಾತ್ರಿಯಿಡೀ ಅದು ಜಗತ್ತಿನ ಯಾರು ಬೇಕಾದರೂ ಓದಬಹುದಾದ ಜಾಗದಲ್ಲಿತ್ತು.

ಆದದ್ದು ಇಷ್ಟು. ನಾವು ನೇರವಾಗಿ ಬಳಸುವ ಪ್ಯಾಕೇಜುಗಳು ನಲವತ್ತರಷ್ಟಿದ್ದರೂ, ಅವು ಅವಲಂಬಿಸಿರುವ ಪ್ಯಾಕೇಜುಗಳು, ಅವುಗಳು ಮತ್ತೆ ಅವಲಂಬಿಸಿರುವವು ಎಂದು ಲೆಕ್ಕ ಹಾಕಿದರೆ ಸಂಖ್ಯೆ ಸಾವಿರ ದಾಟುತ್ತದೆ. ಹಾಗೆ ಮೂರು ಮೆಟ್ಟಿಲು ಕೆಳಗಿದ್ದ, ನಾನು ಹೆಸರನ್ನೇ ಕೇಳಿರದ ಒಂದು ಪ್ಯಾಕೇಜಿನ ನಿರ್ವಾಹಕರ ಖಾತೆ ಅಂದು ಮಧ್ಯಾಹ್ನ ಕಳ್ಳರ ಕೈಸೇರಿ, ಅದರ ಹೊಸ ಆವೃತ್ತಿಯೊಂದು ಪ್ರಕಟವಾಗಿತ್ತು. ಅದು ರಿಜಿಸ್ಟ್ರಿಯಲ್ಲಿ (ಪ್ಯಾಕೇಜುಗಳ ಸಾರ್ವಜನಿಕ ಭಂಡಾರದಲ್ಲಿ) ಉಳಿದದ್ದು ಕೆಲವೇ ಗಂಟೆಗಳು. ಲಾಕ್ ಫೈಲ್ ಇದ್ದಿದ್ದರೆ ಹಳೆಯ ಆವೃತ್ತಿಯೇ ಬರುತ್ತಿತ್ತು. ಅದನ್ನು ನಾನೇ ಕೈಯಾರೆ ಅಳಿಸಿದ್ದರಿಂದ, ಆವೃತ್ತಿ ಸಂಖ್ಯೆಗೆ ಮೊದಲು ಬರುವ ಆ ಚಿಕ್ಕ ಟೋಪಿ ಚಿಹ್ನೆ (^) ಹೇಳುವಂತೆ ಲಭ್ಯವಿದ್ದುದರಲ್ಲಿ ತೀರಾ ಹೊಸದನ್ನೇ ಎನ್‌ಪಿಎಂ ಎಳೆದುಕೊಂಡಿತು. ಅನುಸ್ಥಾಪನೆ ಮುಗಿದ ಕೂಡಲೇ ಓಡುವ ಪೋಸ್ಟ್-ಇನ್‌ಸ್ಟಾಲ್ ಸ್ಕ್ರಿಪ್ಟ್ ಉಳಿದ ಕೆಲಸ ಮಾಡಿತು. ನಾವು ಇದನ್ನು ಡೌನ್‌ಲೋಡ್ ಎಂದುಕೊಂಡಿರುತ್ತೇವೆ, ಆದರೆ ಅದು ಅಪರಿಚಿತರ ಪ್ರೋಗ್ರಾಮನ್ನು ನಮ್ಮದೇ ಅಧಿಕಾರದಲ್ಲಿ, ನಮ್ಮ ಹೋಮ್ ಫೋಲ್ಡರಿನ ಬಾಗಿಲು ತೆರೆದಿಟ್ಟು ಓಡಿಸುವುದು. ಪ್ಯಾಕೇಜಿನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ, ಏಕೆಂದರೆ ಅದರ ನಿರ್ವಾಹಕರೂ ನನ್ನಷ್ಟೇ ಮೋಸಹೋದವರು.

ಇದು ಹೊಸ ತಂತ್ರವೇನೂ ಅಲ್ಲ. 2025ರ ಆಗಸ್ಟ್ 26ರಂದು ಎನ್ಎಕ್ಸ್ ಎಂಬ ಬಿಲ್ಡ್ ಸಾಧನಕ್ಕೆ ಇದೇ ಗತಿಯಾಯಿತು: ಐದು ಗಂಟೆಗಳಷ್ಟು ಕಾಲ ಹರಿದಾಡಿದ ಕೆಟ್ಟ ಆವೃತ್ತಿಗಳು ಡೆವಲಪರ್‌ಗಳ ಗುಟ್ಟುಗಳನ್ನು ಅವರವರ ಗಿಟ್‌ಹಬ್ ಖಾತೆಗಳಲ್ಲೇ ಪಬ್ಲಿಕ್ ರೆಪೊ ತೆರೆದು ಸುರಿದವು. ಅಷ್ಟೇ ಅಲ್ಲದೆ, ಲ್ಯಾಪ್‌ಟಾಪಿನಲ್ಲಿ ಮೊದಲೇ ಇದ್ದ ಎಐ ಕಮಾಂಡ್‌ಲೈನ್ ಸಾಧನಗಳಿಗೇ ಗುಟ್ಟಿನ ಫೈಲುಗಳನ್ನು ಹುಡುಕಿಕೊಡುವಂತೆ ಆಜ್ಞೆ ಕೊಟ್ಟವು. ಮರುತಿಂಗಳು ಬಂದ ಶಾಯಿ-ಹುಲುದ್ ಎಂಬ ಕೆಟ್ಟ ಕೋಡು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕದ್ದ ಎನ್‌ಪಿಎಂ ಟೋಕನ್ನಿನಿಂದ ಅದೇ ಡೆವಲಪರ್ ನಿರ್ವಹಿಸುವ ಇತರ ಪ್ಯಾಕೇಜುಗಳಿಗೂ ತನ್ನನ್ನು ತುಂಬಿಕೊಂಡು ಮರುಪ್ರಕಟಿಸುತ್ತ, ಹುಳುವಿನಂತೆ ತಾನಾಗಿಯೇ ಹಬ್ಬಿ ಐನೂರಕ್ಕೂ ಹೆಚ್ಚು ಪ್ಯಾಕೇಜುಗಳನ್ನು ಕೆಡಿಸಿತು.

ನನ್ನ ಇನ್‌ಸ್ಟಾಲ್‌ಗಿಂತ ಹೆಚ್ಚು ನಾಚಿಕೆ ತರುವುದು ಆಮೇಲಿನ ಅರ್ಧ ಗಂಟೆ. ಯಾರಿಗೂ ಹೇಳದೆ ಮೊದಲು ಆ ರೆಪೊವನ್ನು ಅಳಿಸಿದೆ. ಏನೇನು ಕಳುವಾಗಿದೆ ಎಂಬುದಕ್ಕೆ ಇದ್ದ ಏಕೈಕ ಪಟ್ಟಿ ಅದೇ ಎಂಬುದು ಆ ಗಾಬರಿಯಲ್ಲಿ ಹೊಳೆಯಲೇ ಇಲ್ಲ. ಮೊದಲು ನೋಡಿದ ಸಹೋದ್ಯೋಗಿ ಅದರ ಪ್ರತಿಯೊಂದನ್ನು ಇಳಿಸಿಟ್ಟುಕೊಂಡಿದ್ದರಿಂದ ಮಾನ ಉಳಿಯಿತು. ಆಮೇಲೆ ನೋಡ್ ಮಾಡ್ಯೂಲ್ಸ್ ಅಳಿಸಿ, ಹಳೆಯ ಆವೃತ್ತಿ ಹಾಕಿ, ಎಲ್ಲ ಸರಿಹೋಯಿತೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕಳ್ಳ ಹೋದ ಮೇಲೆ ಬಾಗಿಲು ಹಾಕಿದಂತಾಯಿತು, ಅದೂ ಅವನ ಕೈಯಲ್ಲಿ ಬೀಗದ ಕೈ ಇರುವಾಗಲೇ.

ಕೊನೆಗೆ ಭದ್ರತಾ ತಂಡದವರಿಗೆ ಫೋನ್ ಮಾಡಿದಾಗ ಅವರು ಬೈಯಲಿಲ್ಲ. "ಲ್ಯಾಪ್‌ಟಾಪನ್ನು ನೆಟ್‌ವರ್ಕ್‌ನಿಂದ ಬಿಡಿಸಿ, ಆದರೆ ಆಫ್ ಮಾಡಬೇಡಿ. ಅದರಿಂದ ಯಾವ ಪಾಸ್‌ವರ್ಡನ್ನೂ ಬದಲಿಸಬೇಡಿ, ಬೇರೆ ಯಂತ್ರದಿಂದ ಬದಲಿಸೋಣ" ಎಂದರು. ಬಳಿಕ ಅವರು ಕೇಳಿದ ಮೊದಲ ಪ್ರಶ್ನೆ ಕ್ಲೌಡ್ ಕೀಲಿಯ ಬಗ್ಗೆಯೂ ಆಗಿರಲಿಲ್ಲ, ಡೇಟಾಬೇಸಿನ ಬಗ್ಗೆಯೂ ಆಗಿರಲಿಲ್ಲ. "ನಿಮ್ಮ ಎನ್‌ಪಿಎಂ ಟೋಕನ್‌ಗೆ ಪ್ರಕಟಿಸುವ ಅಧಿಕಾರ ಇದೆಯೇ?" ಎಂದು ಕೇಳಿದರು. ಇತ್ತು. ಮೂರು ವರ್ಷದ ಹಿಂದೆ ಒಂದೇ ಒಂದು ಸಲ ನಮ್ಮ ಒಳಬಳಕೆಯ ಪ್ಯಾಕೇಜೊಂದನ್ನು ಪ್ರಕಟಿಸಲು ಪಡೆದ ಟೋಕನ್ ಅದು. ಅವಧಿ ಮುಗಿಯದಂಥದ್ದು, ಹೋಮ್ ಫೋಲ್ಡರಿನಲ್ಲಿ ಬಿದ್ದಿತ್ತು. ಅದನ್ನು ಬಳಸಿ ಆ ಪ್ಯಾಕೇಜಿನ ಹೊಸ ಆವೃತ್ತಿಯೊಂದನ್ನು ಯಾರಾದರೂ ಹಾಕಿದ್ದರೆ, ಸೋಮವಾರ ಬೆಳಿಗ್ಗೆ ನಮ್ಮ ಬಿಲ್ಡ್ ಸರ್ವರು ಮತ್ತು ಸಹೋದ್ಯೋಗಿಗಳ ಲ್ಯಾಪ್‌ಟಾಪುಗಳೆಲ್ಲ ಅದನ್ನು ನಂಬಿಕೆಯಿಂದ ಎಳೆದುಕೊಳ್ಳುತ್ತಿದ್ದವು. ಗುರಿ ನಾನಾಗಿರಲಿಲ್ಲ, ದಾರಿಯಷ್ಟೇ ಆಗಿದ್ದೆ ಎಂಬುದು ಆಗ ತಿಳಿಯಿತು. ಅದಕ್ಕೇ ಆ ಟೋಕನ್ ಮೊದಲು ರದ್ದಾಯಿತು, ಗಿಟ್‌ಹಬ್‌ನದು ಎರಡನೆಯದಾಗಿ, ಕ್ಲೌಡ್ ಕೀಲಿಗಳು ಅದರ ನಂತರ.

ಇದು ಉತ್ಪ್ರೇಕ್ಷೆ ಎನಿಸಿದರೆ ಫೋನ್ ತಂತ್ರಾಂಶದ ಕಂಪನಿ ತ್ರೀಸಿಎಕ್ಸ್‌ನ 2023ರ ಪ್ರಕರಣವನ್ನು ನೆನೆಯಬೇಕು. ಆ ಕಂಪನಿಯ ಉದ್ಯೋಗಿಯೊಬ್ಬರು ತಮ್ಮ ಸ್ವಂತ ಕಂಪ್ಯೂಟರಿನಲ್ಲಿ ಹಣಕಾಸು ವಹಿವಾಟಿನ ಹಳೆಯ ತಂತ್ರಾಂಶವೊಂದನ್ನು ಹಾಕಿಕೊಂಡಿದ್ದರು, ಅದನ್ನು ಮೊದಲೇ ಯಾರೋ ಕೆಡಿಸಿಟ್ಟಿದ್ದರು. ಅಲ್ಲಿಂದ ಕದ್ದ ಲಾಗಿನ್ ಹಿಡಿದು ದಾಳಿಕೋರರು ಕಂಪನಿಯ ನೆಟ್‌ವರ್ಕಿಗೆ, ಅಲ್ಲಿಂದ ವಿಂಡೋಸ್ ಮತ್ತು ಮ್ಯಾಕ್ ಬಿಲ್ಡ್ ಯಂತ್ರಗಳಿಗೆ ತಲುಪಿದರು. ಕೊನೆಗೆ ಕಂಪನಿಯೇ ಸಹಿ ಮಾಡಿದ ಫೋನ್ ಆ್ಯಪ್ ವಿಷವಾಗಿ ಗ್ರಾಹಕರ ಕೈಸೇರಿತು. ತಂತ್ರಾಂಶ ಪೂರೈಕೆಯ ಒಂದು ಸರಪಳಿಯ ದಾಳಿ ಇನ್ನೊಂದು ಸರಪಳಿಗೆ ಕೊಂಡಿಯಾದ ಪ್ರಕರಣವಿದು. ಇನ್ನು ಒಳಬಳಕೆಯ ಹೆಸರುಗಳೇ ಅಪಾಯವಾಗಬಹುದೆಂದು 2021ರಲ್ಲಿ ಅಲೆಕ್ಸ್ ಬಿರ್ಸಾನ್ ಎಂಬ ಸಂಶೋಧಕರು ತೋರಿಸಿಕೊಟ್ಟಿದ್ದರು: ಕಂಪನಿಗಳ ಖಾಸಗಿ ಪ್ಯಾಕೇಜುಗಳ ಹೆಸರಿನಲ್ಲೇ, ಹೆಚ್ಚಿನ ಆವೃತ್ತಿ ಸಂಖ್ಯೆ ಕೊಟ್ಟು, ಸಾರ್ವಜನಿಕ ರಿಜಿಸ್ಟ್ರಿಗಳಲ್ಲಿ ತಮ್ಮ ನಿರಪಾಯಕಾರಿ ಕೋಡನ್ನು ಇಟ್ಟರು. ಆಪಲ್, ಮೈಕ್ರೋಸಾಫ್ಟ್ ಸೇರಿ 35ಕ್ಕೂ ಹೆಚ್ಚು ಕಂಪನಿಗಳ ಒಳಗೆ ಅದು ಓಡಿತು.

ಭಾರತದಲ್ಲಿ ಕೆಲಸ ಮಾಡುವವರು ಇನ್ನೊಂದು ಮಾತನ್ನು ಮರೆಯಬಾರದು. 2022ರ ಏಪ್ರಿಲ್‌ನಲ್ಲಿ ಸರ್ಟ್-ಇನ್ (ಭಾರತ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ) ಹೊರಡಿಸಿದ ನಿರ್ದೇಶನದ ಪ್ರಕಾರ ಇಂಥ ಘಟನೆಯನ್ನು ಕಂಪನಿಯು ಗಮನಕ್ಕೆ ಬಂದ ಆರು ಗಂಟೆಗಳೊಳಗೆ ವರದಿ ಮಾಡಬೇಕು. ನಾನು ಮುಖ ಮುಚ್ಚಿಕೊಂಡು ಕುಳಿತಿದ್ದ ಅರ್ಧ ಗಂಟೆ ಆ ಆರು ಗಂಟೆಗಳಿಂದಲೇ ಹೋದದ್ದು.

ನಮ್ಮಲ್ಲಿ ಆಮೇಲೆ ಬದಲಾದದ್ದನ್ನೂ ಹೇಳುತ್ತೇನೆ. ಎಲ್ಲಕ್ಕಿಂತ ಹೊಟ್ಟೆ ಉರಿಸಿದ ಸಂಗತಿಯೆಂದರೆ, ಲಾಕ್ ಫೈಲಿನ ಕಾನ್‌ಫ್ಲಿಕ್ಟಿಗೆ ಅದನ್ನು ಅಳಿಸುವ ಅಗತ್ಯವೇ ಇರಲಿಲ್ಲ. ನಾವು ನೇರವಾಗಿ ಬಳಸುವ ಪ್ಯಾಕೇಜುಗಳ ಪಟ್ಟಿಯಿರುವ ಪ್ಯಾಕೇಜ್ ಜೇಸನ್ ಫೈಲಿನ ಕಾನ್‌ಫ್ಲಿಕ್ಟನ್ನು ಮಾತ್ರ ಕೈಯಿಂದ ಸರಿಪಡಿಸಿ, ಲಾಕ್ ಫೈಲನ್ನು ಇದ್ದ ಹಾಗೆಯೇ ಬಿಟ್ಟು ಅದೇ ಇನ್‌ಸ್ಟಾಲ್ ಆಜ್ಞೆ ಕೊಟ್ಟರೆ ಎನ್‌ಪಿಎಂ ತಾನೇ ಬಗೆಹರಿಸುತ್ತದೆ. ಇದು ಅದರ ಕೈಪಿಡಿಯಲ್ಲೇ ಇದೆ, ನಾನು ಓದಿರಲಿಲ್ಲ. ಬಿಲ್ಡ್ ಸರ್ವರಿನಲ್ಲಿ ಈಗ ಎನ್‌ಪಿಎಂ ಸಿಐ (ಲಾಕ್ ಫೈಲಿನಲ್ಲಿರುವುದನ್ನಷ್ಟೇ ತರುವ ಆಜ್ಞೆ) ಮಾತ್ರ ಓಡುತ್ತದೆ, ಲಾಕ್ ಫೈಲಿಗೂ ಪ್ಯಾಕೇಜ್ ಜೇಸನ್‌ಗೂ ತಾಳೆಯಾಗದಿದ್ದರೆ ಅದು ಮುಂದುವರಿಯದೆ ನಿಲ್ಲುತ್ತದೆ. ಅನುಸ್ಥಾಪನೆಯ ಹೊತ್ತಿಗೆ ಓಡುವ ಸ್ಕ್ರಿಪ್ಟುಗಳನ್ನು ತಡೆಯುವ ಇಗ್ನೋರ್-ಸ್ಕ್ರಿಪ್ಟ್ಸ್ ಎಲ್ಲರ ಯಂತ್ರದಲ್ಲೂ ಆನ್ ಆಗಿದೆ. ಕೆಲವು ಪ್ಯಾಕೇಜುಗಳು ಇದರಿಂದ ಮುನಿಸಿಕೊಂಡವು, ಅವುಗಳಿಗೆ ಒಂದೊಂದಾಗಿ ಅನುಮತಿ ಕೊಡಬೇಕಾಯಿತು. ಪಿಎನ್‌ಪಿಎಂ ಎಂಬ ಇದೇ ಬಗೆಯ ಇನ್ನೊಂದು ಸಾಧನ ಬಳಸುವವರಿಗೆ 10ನೇ ಆವೃತ್ತಿಯಿಂದ ಈ ತಡೆ ತಾನಾಗಿಯೇ ಬರುತ್ತದೆ. ಪ್ರಕಟವಾಗಿ ಇಷ್ಟು ದಿನ ಕಳೆಯದ ಆವೃತ್ತಿಯನ್ನು ಮುಟ್ಟಬೇಡ ಎಂದು ಹೇಳುವ ಸೌಲಭ್ಯವೂ ಅದರಲ್ಲಿದೆ. ನನ್ನ ಅನುಭವದಲ್ಲಿ ಆ ಕಾಯುವಿಕೆಯೇ ಎಲ್ಲಕ್ಕಿಂತ ಹೆಚ್ಚು ಬೆಲೆಯುಳ್ಳದ್ದು, ಏಕೆಂದರೆ ಇಂಥ ಆವೃತ್ತಿಗಳು ಬಹುಪಾಲು ಗಂಟೆಗಳಲ್ಲೇ ಸಿಕ್ಕಿಬೀಳುತ್ತವೆ. ಸ್ಕ್ರಿಪ್ಟ್ ತಡೆದ ಮಾತ್ರಕ್ಕೆ ಎಲ್ಲ ಮುಗಿಯುವುದಿಲ್ಲ. 2025ರ ಸೆಪ್ಟೆಂಬರ್ 8ರಂದು ಚಾಕ್, ಡಿಬಗ್ ಮುಂತಾದ ಪ್ಯಾಕೇಜುಗಳಿಗೆ ಹೊಕ್ಕ ಕೋಡು ಅನುಸ್ಥಾಪನೆಯ ಹೊತ್ತಿಗೆ ಏನೂ ಮಾಡುತ್ತಿರಲಿಲ್ಲ, ಬ್ರೌಸರಿನಲ್ಲಿ ಓಡುವಾಗ ಕ್ರಿಪ್ಟೋ ಪಾವತಿಯ ವಿಳಾಸವನ್ನು ಬದಲಿಸುತ್ತಿತ್ತು.

ಟೋಕನ್ನುಗಳ ವಿಷಯಕ್ಕೆ ಬಂದರೆ, ಈಗ ನನ್ನ ಯಂತ್ರದಲ್ಲಿರುವುದು ಓದಲು ಮಾತ್ರ ಬರುವ ಟೋಕನ್, ಮತ್ತು ದಿನದ ಕೊನೆಗೆ ಸತ್ತುಹೋಗುವ ಕ್ಲೌಡ್ ಲಾಗಿನ್. ಪ್ರಕಟಣೆ ಬಿಲ್ಡ್ ಸರ್ವರಿನಿಂದ ಮಾತ್ರ.

ಎಲ್ಲವನ್ನೂ ರದ್ದು ಮಾಡಿದ್ದೇವೆ ಎಂದು ನಾವು ಬರೆದುಕೊಟ್ಟ ಹತ್ತೊಂಬತ್ತನೆಯ ದಿನ ಕ್ಲೌಡ್ ಖಾತೆಯಿಂದ ಎಚ್ಚರಿಕೆಯೊಂದು ಬಂದಿತು. ಯಾರೋ ಒಂದು ಕೀಲಿಯನ್ನು ಹಿಡಿದು, ಇದು ಯಾರ ಕೀಲಿ, ಇದಕ್ಕೆ ಏನೇನು ತೆರೆಯುತ್ತದೆ ಎಂದು ಕೇಳಿ ನೋಡುತ್ತಿದ್ದರು. ಅದು ಎರಡು ವರ್ಷದ ಹಿಂದಿನ ತರಬೇತಿ ಪ್ರಾಜೆಕ್ಟಿನ ಕೀಲಿ, ನನ್ನ ಲ್ಯಾಪ್‌ಟಾಪಿನ ಮೂಲೆಯ ಫೋಲ್ಡರೊಂದರ ಎನ್ವ್ ಫೈಲಿನಲ್ಲಿ (ಪ್ರೋಗ್ರಾಮಿಗೆ ಬೇಕಾದ ಕೀಲಿಗಳನ್ನು ಬರೆದಿಡುವ ಫೈಲಿನಲ್ಲಿ) ಇತ್ತು. ಕಳುವಾದ ಪಟ್ಟಿಯಲ್ಲಿ ಅದೂ ಇತ್ತು, ಇನ್ನೂರ ಹತ್ತನೆಯ ಸಾಲಿನ ಆಸುಪಾಸಿನಲ್ಲಿ. ನಾವು ಗುರುತು ಸಿಕ್ಕ ಹೆಸರುಗಳನ್ನಷ್ಟೇ ಹುಡುಕಿ ಗೆರೆ ಹೊಡೆದಿದ್ದೆವು. ಅದರಿಂದ ತೆರೆಯುತ್ತಿದ್ದದ್ದು ಡೆಮೊ ಚಿತ್ರಗಳಿದ್ದ ಒಂದು ಬಕೆಟ್ (ಕ್ಲೌಡಿನ ಸಂಗ್ರಹ ಜಾಗ) ಮಾತ್ರ. ಕೀಲಿಯನ್ನು ಮಾಡಿಕೊಟ್ಟವರು ಕೆಲಸ ಬಿಟ್ಟು ಒಂದೂವರೆ ವರ್ಷವಾಗಿತ್ತು, ಮತ್ತು ಅದನ್ನು ರದ್ದು ಮಾಡಲು ಯಾರ ಒಪ್ಪಿಗೆ ಬೇಕೆಂದು ಪತ್ತೆಹಚ್ಚುವುದಕ್ಕೇ ಆ ದಿನದ ಮಧ್ಯಾಹ್ನವೆಲ್ಲ ಹಿಡಿಯಿತು.