ಟೀಮ್ ರೇಸಿಂಗ್ ಅಥವಾ ಫ್ಲೀಟ್ ರೇಸಿಂಗ್: ಹಾಯಿದೋಣಿ ಕಲಿತ ಮಕ್ಕಳಿಗೆ ಯಾವುದು?

ಮಲ್ಪೆಯಲ್ಲಿ ಸಂಜೆ ಪಡುಗಾಳಿ ಬೀಸುವಾಗ ಮಗ ಕೇಳಿದ, 'ಮುಂದೆ ಯಾವ ರೇಸ್ ಕಲಿಯಲಿ?' ಫ್ಲೀಟ್ ರೇಸಿಂಗ್ ಸುಲಭವಾಗಿ ಅರ್ಥವಾಗುತ್ತದೆ. ಎಲ್ಲ ದೋಣಿಗಳೂ ಒಟ್ಟಿಗೆ ಹೊರಡುತ್ತವೆ, ನಿಮ್ಮ ಸ್ಥಾನವೇ ನಿಮ್ಮ ಅಂಕ. ಒಲಿಂಪಿಕ್ಸ್‌ ಕನಸಿದ್ದರೆ ಇದೇ ದಾರಿ.

ಟೀಮ್ ರೇಸಿಂಗ್ ಬೇರೆಯೇ ಆಟ, ಹೆಚ್ಚುಕಡಿಮೆ ನೀರಿನ ಮೇಲಿನ ಕಬಡ್ಡಿ. ಸಾಮಾನ್ಯವಾಗಿ ಮೂರು ದೋಣಿಗೆ ಮೂರು ದೋಣಿ ಎದುರಾಳಿ. ಇಲ್ಲೂ ಸ್ಥಾನವೇ ಅಂಕ; 1ರಿಂದ 6ರವರೆಗೆ ಕೂಡಿದರೆ ಒಟ್ಟು 21. ಹತ್ತು ಅಥವಾ ಅದಕ್ಕಿಂತ ಕಡಿಮೆ ಬಂದ ತಂಡ ಗೆಲ್ಲುತ್ತದೆ. ತಮಾಷೆ ನೋಡಿ: ನೀವು 1, 5, 6 ಬಂದರೆ 12 ಅಂಕ. ಎದುರಿನವರು 2, 3, 4 ಬಂದು 9ಕ್ಕೆ ಗೆದ್ದರು. ಮೊದಲು ಮುಟ್ಟಿದವನೂ ಸೋತ! ಹಾಗಾಗಿ ಮುಂದಿರುವವನು ಬೋಯಿ (ದೋಣಿ ತಿರುಗಬೇಕಾದ ತೇಲುವ ಗುರುತು) ಹತ್ತಿರ ಬೇಕಂತಲೇ ನಿಧಾನಿಸಿ, ಎದುರಾಳಿಯನ್ನು ತಡೆದು, ಹಿಂದಿದ್ದ ಗೆಳೆಯನಿಗೆ ದಾರಿ ಬಿಡುತ್ತಾನೆ. ಅಂಪೈರ್‌ಗಳು ದೋಣಿಯಲ್ಲೇ ಹಿಂಬಾಲಿಸಿ ಅಲ್ಲೇ ತೀರ್ಪು ಕೊಡುತ್ತಾರೆ. ಫ್ಲೀಟ್‌ನಲ್ಲಿ ದೂರಿನ ವಿಚಾರಣೆ ಹೆಚ್ಚಾಗಿ ದಡಕ್ಕೆ ಬಂದ ಮೇಲೆ.

ಇಂಗ್ಲೆಂಡಿನ ವೆಸ್ಟ್ ಕರ್ಬಿಯಲ್ಲಿ 1949ರಿಂದ ನಡೆಯುವ ವಿಲ್ಸನ್ ಟ್ರೋಫಿ ಇಂಥ ಟೀಮ್ ರೇಸಿಂಗ್‌ನದ್ದು. 15 ವರ್ಷದವರೆಗಿನವರಿಗೆ ಆಪ್ಟಿಮಿಸ್ಟ್ (ಒಂದು ಮಗು ನಡೆಸುವ ಪುಟ್ಟ ಹಾಯಿದೋಣಿ) ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಎರಡೂ ಇವೆ. ಅಲ್ಲಿ ಟೀಮ್ ರೇಸ್‌ಗೆ ತಂಡಕ್ಕೆ ನಾಲ್ಕು ದೋಣಿಗಳು.

ನನ್ನ ಪ್ರಕಾರ ಮೊದಲ ಎರಡು ವರ್ಷ ಫ್ಲೀಟ್ ಸಾಕು. ದೋಣಿ ಕೈಗೆ ಬಗ್ಗದವನಿಗೆ ಟೀಮ್ ರೇಸ್ ಸುಮ್ನೆ ತಲೆನೋವು. ಆದರೆ ಒಬ್ಬನೇ ಬೇಸರಪಡುವ, ನಿಯಮ ಬಾಯಿಪಾಠ ಮಾಡಿ ವಾದ ಹೂಡುವ ಮಗುವಾದರೆ? ಟೀಮೇ ಸರಿ. ನಮ್ಮವನು ಎರಡನೇ ಜಾತಿ.