ಎಂಟನೆಯ ಆಟಗಾರನನ್ನು ನೋಡಿ: ಸಣ್ಣ ಕಾಲೇಜುಗಳ ಬ್ಯಾಸ್ಕೆಟ್‌ಬಾಲ್‌ನ ಮೂರು ಮಟ್ಟಗಳು

ಮಿನ್ನೆಸೋಟ ರಾಜ್ಯದ ಸೇಂಟ್ ಪೀಟರ್ ಊರಿನಿಂದ ಮ್ಯಾಂಕೇಟೊಗೆ ಕಾರಿನಲ್ಲಿ ಇಪ್ಪತ್ತು ನಿಮಿಷದ ದಾರಿ. ಸೇಂಟ್ ಪೀಟರ್‌ನಲ್ಲಿರುವ ಗಸ್ಟೇವಸ್ ಅಡಾಲ್ಫಸ್ ಕಾಲೇಜು ಆಡುವುದು ಅಮೆರಿಕದ ಕಾಲೇಜು ಕ್ರೀಡೆಗಳ ಮುಖ್ಯ ಸಂಸ್ಥೆಯಾದ ಎನ್‌ಸಿಎಎಯ ಮೂರನೇ ಡಿವಿಷನ್‌ನಲ್ಲಿ. ಮ್ಯಾಂಕೇಟೊದ ಮಿನ್ನೆಸೋಟ ಸ್ಟೇಟ್ ವಿಶ್ವವಿದ್ಯಾಲಯ ಆಡುವುದು ಎರಡನೇ ಡಿವಿಷನ್‌ನಲ್ಲಿ. ಈ ಎರಡು ಮಟ್ಟಗಳ ನಡುವೆ ನಿಜಕ್ಕೂ ಎಷ್ಟು ಅಂತರವಿದೆ ಎಂದು ಬಾಯಿಮಾತಿನಲ್ಲಿ ವಾದಿಸುವುದನ್ನು ಬಿಟ್ಟು, ಒಂದು ಜನವರಿಯ ಶನಿವಾರ ಮಧ್ಯಾಹ್ನ ಸೇಂಟ್ ಪೀಟರ್‌ನಲ್ಲಿ, ಸಂಜೆ ಮ್ಯಾಂಕೇಟೊದಲ್ಲಿ ಕುಳಿತು ನೋಡಿದೆ. ಸೇಂಟ್ ಪಾಲ್‌ಗೆ ಬಂದು ನೆಲೆಸಿದ ನಂತರದ ನಾಲ್ಕು ಚಳಿಗಾಲಗಳಲ್ಲಿ ನಾನು ಕಲಿತ ಬಹುಪಾಲು ಆ ಒಂದೇ ದಿನದಲ್ಲಿ ಶುರುವಾಯಿತು.

ಮೊದಲ ಐವರನ್ನು ಮಾತ್ರ ನೋಡಿದರೆ ಅಂತರ ಕಣ್ಣಿಗೆ ಬೀಳುವುದಿಲ್ಲ. ಮಧ್ಯಾಹ್ನದ ಹುಡುಗರು ಚೆಂಡನ್ನು ದಾಟಿಸುವ ಬಗೆ, ಜೊತೆಗಾರನಿಗೆ ದಾರಿ ಬಿಡಿಸಿಕೊಡಲು ಎದುರಾಳಿಗೆ ಅಡ್ಡ ನಿಲ್ಲುವ ಬಗೆ, ಖಾಲಿ ಜಾಗಕ್ಕೆ ಸರಿಯಾದ ಕ್ಷಣದಲ್ಲಿ ನುಗ್ಗುವ ಬಗೆ, ಇವೆಲ್ಲ ಸಂಜೆಯ ಆಟಕ್ಕಿಂತ ಒಂದು ಕೂದಲೂ ಕಡಿಮೆ ಇರಲಿಲ್ಲ. ಆದರೆ ಸಂಜೆ ಒಂದು ಗಳಿಗೆ ಬಂತು. ಮೂರಂಕದ ಗೆರೆಯ (ಅದರಾಚೆಯಿಂದ ಎಸೆದು ಬುಟ್ಟಿಗೆ ಹಾಕಿದರೆ ಮೂರು ಅಂಕ) ಹೊರಗೆ ಒಬ್ಬನಿಗೆ ಚೆಂಡು ಸಿಕ್ಕಿತು. ಅವನನ್ನು ಕಾಯಬೇಕಾದವನು ಎರಡು ದೊಡ್ಡ ಹೆಜ್ಜೆಗಳಷ್ಟು ದೂರದಲ್ಲಿದ್ದ. ಮಧ್ಯಾಹ್ನ ಇಂಥದ್ದೇ ಸಂದರ್ಭದಲ್ಲಿ ಎಸೆಯುವವನು ನಿರಾಳವಾಗಿ ಮಂಡಿ ಬಗ್ಗಿಸಿ, ಉಸಿರು ಬಿಟ್ಟು ಎಸೆದಿದ್ದನ್ನು ನೋಡಿದ್ದೆ. ಇಲ್ಲಿ ಕಾಯುತ್ತಿದ್ದ ಆ ಉದ್ದ ಕೈಯ ಹುಡುಗ ಒಂದೇ ನೆಗೆತದಲ್ಲಿ ಬಂದು ಚೆಂಡಿನ ತಳವನ್ನು ಬೆರಳ ತುದಿಯಿಂದ ಸವರಿದ. ಎಸೆತ ಬುಟ್ಟಿಯ ಅಂಚನ್ನೂ ಮುಟ್ಟಲಿಲ್ಲ. ಎರಡು ಹೆಜ್ಜೆಗಳ ಅಂತರ ಒಂದು ಮಟ್ಟದಲ್ಲಿ ಬಿಡುವು, ಇನ್ನೊಂದರಲ್ಲಿ ಅಪಾಯ.

ಆಮೇಲೆ ಕಂಡದ್ದು ಬೆಂಚು. ದ್ವಿತೀಯಾರ್ಧದ ಹತ್ತು ಹನ್ನೆರಡು ನಿಮಿಷ ಕಳೆದಾಗ ಮುಖ್ಯ ಆಟಗಾರರಿಗೆ ಸುಸ್ತಾಗಿರುತ್ತದೆ, ಒಬ್ಬಿಬ್ಬರು ನಾಲ್ಕು ಫೌಲ್ ಹೊತ್ತು (ಐದಾದರೆ ಆಟದಿಂದ ಹೊರಗೆ) ಕುಳಿತಿರುತ್ತಾರೆ. ಆಗ ತರಬೇತುದಾರ ಎಂಟನೆಯ ಆಟಗಾರನನ್ನು, ಅಂದರೆ ಮೊದಲ ಐವರ ನಂತರ ಬೆಂಚಿನಿಂದ ಬರುವ ಮೂರನೆಯವನನ್ನು, ಕರೆಯುತ್ತಾರೆ. ಸಣ್ಣ ಕಾಲೇಜುಗಳ ಮಟ್ಟವನ್ನು ಅಳೆಯಬೇಕೆಂದರೆ ಅವನನ್ನು ನೋಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಮೂರನೇ ಡಿವಿಷನ್‌ನ ಒಳ್ಳೆಯ ತಂಡದಲ್ಲೂ ಆ ಹೊತ್ತಿಗೆ ತಂಡ ಒಂದು ಮೆಟ್ಟಿಲು ಇಳಿಯುತ್ತದೆ. ಅವನು ಕಷ್ಟಪಡುತ್ತಾನೆ, ತಪ್ಪಿಲ್ಲದೆ ಆಡಲು ನೋಡುತ್ತಾನೆ, ಚೆಂಡು ಬಂದರೆ ಬೇಗ ಇನ್ನೊಬ್ಬನಿಗೆ ಕೊಡುತ್ತಾನೆ. ಎರಡನೇ ಡಿವಿಷನ್‌ನ ಒಳ್ಳೆಯ ತಂಡದಲ್ಲಿ ಬರುವ ಎಂಟನೆಯವನು ಬೇರೆಡೆ ಮೊದಲ ಐವರಲ್ಲಿ ಇರಬಹುದಾದವನು. ಅಲ್ಲಿ ಅದು ಅನಿವಾರ್ಯವೂ ಹೌದು. ಮ್ಯಾಂಕೇಟೊ ಆಡುವ ಲೀಗ್‌ನಲ್ಲಿ ಬಹಳ ಸಲ ಶುಕ್ರವಾರ ರಾತ್ರಿ ಒಂದು ಪಂದ್ಯವಾದರೆ ಶನಿವಾರ ಸಂಜೆಯೇ ಇನ್ನೊಂದು. ನಡುವೆ ಬಯಲುಸೀಮೆಯಲ್ಲಿ ಬಸ್ ಪ್ರಯಾಣ. ಐದಾರು ಜನರನ್ನೇ ನೆಚ್ಚಿಕೊಂಡವರು ಶನಿವಾರ ಸೋಲುತ್ತಾರೆ.

ಈ ಅಂತರದ ಬೇರು ಹಣದಲ್ಲಿದೆ. ಪುರುಷರ ಬ್ಯಾಸ್ಕೆಟ್‌ಬಾಲ್‌ಗೆ ಎರಡನೇ ಡಿವಿಷನ್ ಕಾಲೇಜು 10 ಪೂರ್ಣ ವಿದ್ಯಾರ್ಥಿವೇತನಗಳಷ್ಟು ಮೊತ್ತವನ್ನು ಕೊಡಬಹುದು, ಅದನ್ನು ಭಾಗ ಮಾಡಿ ಹೆಚ್ಚು ಜನರಿಗೂ ಹಂಚಬಹುದು. ಮೂರನೇ ಡಿವಿಷನ್‌ನಲ್ಲಿ ಆಟಕ್ಕಾಗಿ ಒಂದು ಡಾಲರನ್ನೂ ಕೊಡುವಂತಿಲ್ಲ. ಓದಿನ ಅರ್ಹತೆಗೆ, ಮನೆಯ ಆದಾಯ ನೋಡಿ ಕೊಡುವ ನೆರವು ಅಲ್ಲಿ ಧಾರಾಳವಾಗಿಯೇ ಇದೆ, ಆದರೆ ಆಟ ಬಿಟ್ಟರೂ ಆ ನೆರವು ಉಳಿಯುತ್ತದೆ. ಆಡುವವನು ಆಡಬೇಕೆಂದೇ ಆಡುತ್ತಾನೆ. ಮೊದಲ ಐವರನ್ನು ಹಣವಿಲ್ಲದೆಯೂ ಹೇಗೋ ಕೂಡಿಸಬಹುದು. ಎಂಟನೆಯವನನ್ನು ಕೂಡಿಸುವುದು ಕಷ್ಟ.

ಹಾಗಾದರೆ ಮೂರನೇ ಡಿವಿಷನ್ ಎಂದರೆ ಕೆಳಗಿನದು ಎಂದು ತಳ್ಳಿಬಿಡಬೇಕೆ? ಹಾಗೆ ಹೇಳುವವರು ಪಕ್ಕದ ವಿಸ್ಕಾನ್ಸಿನ್‌ನ ಸರ್ಕಾರಿ ವಿಶ್ವವಿದ್ಯಾಲಯಗಳ ಲೀಗ್ ನೋಡಿಲ್ಲ. ಪ್ಲ್ಯಾಟ್‌ವಿಲ್, ವೈಟ್‌ವಾಟರ್, ಸ್ಟೀವನ್ಸ್ ಪಾಯಿಂಟ್ ಈ ಮೂರೂ ತಲಾ ನಾಲ್ಕು ಬಾರಿ ರಾಷ್ಟ್ರೀಯ ಪ್ರಶಸ್ತಿ ಗೆದ್ದಿವೆ, 2019ರಲ್ಲಿ ಆಶ್‌ಕಾಶ್ ಕೂಡ ಗೆದ್ದಿತು. ಪ್ಲ್ಯಾಟ್‌ವಿಲ್‌ಗೆ ಆ ನಾಲ್ಕನ್ನೂ ತಂದುಕೊಟ್ಟ ತರಬೇತುದಾರ ಬೋ ರಯಾನ್ ಮುಂದೆ ಮ್ಯಾಡಿಸನ್‌ನ ದೊಡ್ಡ ತಂಡವನ್ನು 2015ರಲ್ಲಿ ಮೊದಲ ಡಿವಿಷನ್‌ನ ಫೈನಲ್‌ವರೆಗೆ ಒಯ್ದರು. 2014ರ ಮೂರನೇ ಡಿವಿಷನ್ ಫೈನಲ್‌ನಲ್ಲಿ ವೈಟ್‌ವಾಟರ್ 75-73ರಿಂದ ಸೋಲಿಸಿದ್ದು ವಿಲಿಯಮ್ಸ್ ಕಾಲೇಜನ್ನು. ಆ ಸೋತ ತಂಡದಲ್ಲಿ ಮೊದಲ ವರ್ಷದ ವಿದ್ಯಾರ್ಥಿಯೊಬ್ಬನಿದ್ದ: ಡಂಕನ್ ರಾಬಿನ್ಸನ್. ಅವನು ಅಲ್ಲಿಂದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋದ, ನಂತರ ಮಯಾಮಿ ಹೀಟ್ ತಂಡದಲ್ಲಿ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ ಆಡಿದ. ನಮ್ಮ ಮಿನಿಯಾಪೊಲಿಸ್‌ನ ಮೂರನೇ ಡಿವಿಷನ್ ಕಾಲೇಜು ಆಗ್ಸ್‌ಬರ್ಗ್‌ನಿಂದಲೇ ಡೆವೀನ್ ಜಾರ್ಜ್ 1999ರಲ್ಲಿ ನೇರವಾಗಿ ಎನ್‌ಬಿಎಯ ಲೇಕರ್ಸ್ ತಂಡದ ಪಾಲಾದ, ಅದೂ ಹೊಸ ಆಟಗಾರರ ಆಯ್ಕೆಯ ಮೊದಲ ಸುತ್ತಿನಲ್ಲಿ, 23ನೆಯವನಾಗಿ. ಮೂರನೇ ಡಿವಿಷನ್‌ನ ಅತ್ಯುತ್ತಮ ಹತ್ತು ತಂಡಗಳು ಎರಡನೇ ಡಿವಿಷನ್‌ನ ನಡುವಿನ ತಂಡಗಳನ್ನು ಸೋಲಿಸುತ್ತವೆ ಎಂದು ನಾನು ಖಂಡಿತವಾಗಿ ನಂಬುತ್ತೇನೆ. ಆದರೆ ಎರಡನೇ ಡಿವಿಷನ್‌ನ ತುದಿಯ ತಂಡಗಳ ಎದುರು, ಒಂದೇ ವಾರದಲ್ಲಿ ಮೂರು ಪಂದ್ಯ ಆಡಬೇಕೆಂದರೆ ನಿಲ್ಲಲಾರವು.

ಅಂಕಪಟ್ಟಿ ನೋಡಿ ಮಟ್ಟ ಅಳೆಯುವವರಿಗೆ ಒಂದು ಮಾತು. ಅಯೋವಾದ ಗ್ರಿನೆಲ್ ಕಾಲೇಜಿನ ಜ್ಯಾಕ್ ಟೇಲರ್ 2012ರ ನವೆಂಬರ್ 20ರಂದು ಒಂದೇ ಪಂದ್ಯದಲ್ಲಿ 138 ಅಂಕ ಗಳಿಸಿದ. ಎಸೆದದ್ದು 108 ಬಾರಿ, ಬುಟ್ಟಿಗೆ ಬಿದ್ದದ್ದು 52. ಗ್ರಿನೆಲ್‌ನ ಆಟದ ಪದ್ಧತಿಯೇ ಹಾಗೆ: ಕೆಲವು ಕ್ಷಣಗಳಿಗೊಮ್ಮೆ ಐವರನ್ನೂ ಒಟ್ಟಿಗೆ ಬದಲಿಸುವುದು, ಅಂಕಣದ ತುಂಬ ಓಡಿಸುವುದು, ಮೂರಂಕದ ಎಸೆತಗಳ ಮಳೆ ಸುರಿಸುವುದು. ಎದುರಿಗಿದ್ದುದು ಒಂದು ಪುಟ್ಟ ಬೈಬಲ್ ಕಾಲೇಜು. ಆ ಸಾಧನೆಯನ್ನು ನಾನು ಗೌರವಿಸುತ್ತೇನೆ, ಆದರೆ ಅದರಿಂದ ಮಟ್ಟದ ಬಗ್ಗೆ ಏನೂ ತಿಳಿಯುವುದಿಲ್ಲ.

ಇನ್ನು ಮೂರನೆಯ ಆಯ್ಕೆ, ಎನ್‌ಎಐಎ. ಇದು ಎನ್‌ಸಿಎಎಯ ಹೊರಗಿನ ಪ್ರತ್ಯೇಕ ಸಂಸ್ಥೆ, ಹೆಚ್ಚಾಗಿ ಸಣ್ಣ ಖಾಸಗಿ ಕಾಲೇಜುಗಳದ್ದು. ಇಲ್ಲಿ 8 ವಿದ್ಯಾರ್ಥಿವೇತನಗಳ ಮಿತಿಯಿದೆ, ಹಾಗಾಗಿ ಕಾಗದದ ಮೇಲೆ ಇದು ಎರಡನೇ ಮತ್ತು ಮೂರನೇ ಡಿವಿಷನ್‌ಗಳ ನಡುವೆ ಕೂರಬೇಕು. ಅಂಕಣದಲ್ಲಿ ಹಾಗೆ ಸುಲಭವಾಗಿ ಕೂರುವುದಿಲ್ಲ. ಮಿಸಿಸಿಪ್ಪಿ ದಂಡೆಯ ಲಾ ಕ್ರಾಸ್ ಊರಿನಲ್ಲಿ ಮೂರನೇ ಡಿವಿಷನ್‌ನ ಸರ್ಕಾರಿ ವಿಶ್ವವಿದ್ಯಾಲಯವೂ ಎನ್‌ಎಐಎಯ ವಿಟರ್ಬೊ ವಿಶ್ವವಿದ್ಯಾಲಯವೂ ನಡೆದು ಹೋಗುವಷ್ಟು ಹತ್ತಿರದಲ್ಲಿವೆ. ಅಲ್ಲಿ ಎರಡೂ ನೋಡಿದ ಮೇಲೆ ನನಗನಿಸಿದ್ದು ಇದು: ಎನ್‌ಎಐಎಯಲ್ಲಿ ಒಬ್ಬೊಬ್ಬ ಆಟಗಾರನ ಓಟ, ನೆಗೆತ ಹೆಚ್ಚು, ಒಟ್ಟಾಗಿ ಆಡುವ ಅಚ್ಚುಕಟ್ಟು ಕಡಿಮೆ. ಬೇರೆ ಕಾಲೇಜುಗಳಲ್ಲಿ ಒಂದೆರಡು ವರ್ಷ ಆಡಿ ಬಂದವರು, ಬೇರೆ ದೇಶಗಳಿಂದ ಬಂದವರು ತಂಡದಲ್ಲಿ ಬಹಳ. ನವೆಂಬರ್‌ನಲ್ಲಿ ಅವರಿಗೆ ಪರಸ್ಪರ ಪರಿಚಯವೇ ಸಾಲದು. ಫೆಬ್ರವರಿಯಲ್ಲಿ ನೋಡಿದರೆ ಅದೇ ತಂಡ ಬೇರೆಯೇ ಆಗಿರುತ್ತದೆ. ಮೇಲಿನ ಮತ್ತು ಕೆಳಗಿನ ತಂಡಗಳ ನಡುವಿನ ಅಂತರವೂ ಈ ಮೂರರಲ್ಲಿ ಇಲ್ಲಿಯೇ ಅತಿ ಹೆಚ್ಚು.

ಆದರೆ ಮಾರ್ಚ್‌ನಲ್ಲಿ ಎಲ್ಲಾದರೂ ಒಂದು ಕಡೆ ಹೋಗುವುದಿದ್ದರೆ ನಾನು ಹೋಗುವುದು ಕ್ಯಾನ್ಸಸ್ ಸಿಟಿಗೇ. ಸೇಂಟ್ ಪಾಲ್‌ನಿಂದ ದಕ್ಷಿಣಕ್ಕೆ ಒಂದೇ ಹೆದ್ದಾರಿಯಲ್ಲಿ ಆರೂವರೆ ಗಂಟೆ. ಅಲ್ಲಿನ ಮುನಿಸಿಪಲ್ ಆಡಿಟೋರಿಯಂ 1930ರ ದಶಕದ ಕಟ್ಟಡ. ದೊಡ್ಡ ಕಾಲೇಜುಗಳ ಅಂತಿಮ ಘಟ್ಟವನ್ನು ಒಂಬತ್ತು ಬಾರಿ ನಡೆಸಿದ ಜಾಗ. ಎನ್‌ಎಐಎ ಪಂದ್ಯಾವಳಿ 1937ರಲ್ಲಿ ಇದೇ ನಗರದಲ್ಲಿ ಹುಟ್ಟಿತು, ಈ ಆಟವನ್ನು ಕಂಡುಹಿಡಿದ ಜೇಮ್ಸ್ ನೈಸ್ಮಿತ್ ಅವರೇ ಅದಕ್ಕೆ ಕೈಜೋಡಿಸಿದ್ದರು. ಇದೇ ಪಂದ್ಯಾವಳಿಯನ್ನು 1957ರಿಂದ 1959ರವರೆಗೆ ಸತತ ಮೂರು ವರ್ಷ ಗೆದ್ದದ್ದು ಜಾನ್ ಮೆಕ್ಲೆಂಡನ್ ತರಬೇತಿಯ ಟೆನೆಸೀ ಎ ಅಂಡ್ ಐ, ಕಪ್ಪು ವಿದ್ಯಾರ್ಥಿಗಳ ಕಾಲೇಜು. ದಕ್ಷಿಣದ ಎಷ್ಟೋ ದೊಡ್ಡ ವಿಶ್ವವಿದ್ಯಾಲಯಗಳು ಕಪ್ಪು ಆಟಗಾರರನ್ನು ಸೇರಿಸಿಕೊಳ್ಳದೇ ಇದ್ದ ಕಾಲವದು. ಸ್ಕಾಟಿ ಪಿಪ್ಪೆನ್, ಡೆನಿಸ್ ರಾಡ್‌ಮನ್ ಇಬ್ಬರೂ ಎನ್‌ಎಐಎ ಕಾಲೇಜುಗಳಿಂದ ಬಂದವರು. ಆ ಹಳೆಯ ಸಭಾಂಗಣದಲ್ಲಿ ಬೆಳಿಗ್ಗೆಯಿಂದ ಕುಳಿತು ಒಂದರ ಮೇಲೊಂದು ಮೂರು ಪಂದ್ಯ ನೋಡಿದ ದಿನ, ನೂರೆಂಟು ಪುಟ್ಟ ಊರುಗಳ ಜನ ತಮ್ಮ ತಮ್ಮ ಬಣ್ಣ ತೊಟ್ಟು ಸುತ್ತ ತುಂಬಿದ್ದರು. ಮೈಸೂರಿನ ಸಿಮೆಂಟು ಅಂಕಣಗಳಲ್ಲಿ ಅಂತರಕಾಲೇಜು ಪಂದ್ಯಗಳನ್ನು ಕಾಂಪೌಂಡಿನ ಮೇಲೆ ಕುಳಿತು ನೋಡಿದ ದಿನಗಳ ನಂತರ ಅಂಥ ಸಡಗರ ನನಗೆ ಸಿಕ್ಕಿದ್ದು ಅಲ್ಲಿಯೇ.

ಮಟ್ಟಗಳನ್ನು ಹೀಗೆ ಹೋಲಿಸುವಾಗ ಗೆರೆಗಳು ಶಾಶ್ವತವಲ್ಲ ಎಂಬುದೂ ನೆನಪಿರಬೇಕು. ಎನ್‌ಸಿಎಎ ಮೂರು ಡಿವಿಷನ್‌ಗಳಾಗಿ ಒಡೆದದ್ದೇ 1973ರಲ್ಲಿ. ನನ್ನ ಮನೆಯ ಹತ್ತಿರದ ಹ್ಯಾಮ್ಲಿನ್ ವಿಶ್ವವಿದ್ಯಾಲಯ 1895ರ ಫೆಬ್ರವರಿಯಲ್ಲಿ ಕೃಷಿ ಶಾಲೆಯೊಂದರ ವಿರುದ್ಧ ಆಡಿ 9-3ರಿಂದ ಸೋತಿತು; ಕಾಲೇಜು ಕಾಲೇಜುಗಳ ನಡುವಿನ ಮೊದಲ ಬ್ಯಾಸ್ಕೆಟ್‌ಬಾಲ್ ಪಂದ್ಯವೆಂದು ಅದನ್ನೇ ಹೇಳುತ್ತಾರೆ, ಆಗ ಒಂದೊಂದು ಕಡೆಗೆ ಒಂಬತ್ತು ಜನ. ಅದೇ ಹ್ಯಾಮ್ಲಿನ್ 1942, 1949, 1951ರಲ್ಲಿ ಈಗ ಎನ್‌ಎಐಎಯದೆನ್ನುವ ಆ ಪ್ರಶಸ್ತಿಯನ್ನು ಗೆದ್ದಿತ್ತು. ಇಂದು ಮೂರನೇ ಡಿವಿಷನ್‌ನಲ್ಲಿ ಆಡುತ್ತದೆ. ಅದೇ ಊರಿನ ಸೇಂಟ್ ಥಾಮಸ್ ಎದುರು ದಿಕ್ಕಿಗೆ ಹೋಯಿತು: 2011 ಮತ್ತು 2016ರಲ್ಲಿ ಮೂರನೇ ಡಿವಿಷನ್ ಗೆದ್ದು, ಉಳಿದವರಿಗಿಂತ ತೀರಾ ಬಲವಾಯಿತೆಂದು ತನ್ನ ಲೀಗ್‌ನಿಂದಲೇ ಹೊರಹೋಗಬೇಕೆಂದು 2019ರಲ್ಲಿ ಹೇಳಿಸಿಕೊಂಡು, 2021ರಲ್ಲಿ ನೇರವಾಗಿ ಮೊದಲ ಡಿವಿಷನ್‌ಗೆ ಜಿಗಿಯಿತು. ಮೊದಲ ಋತುವಿನಲ್ಲಿ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಕೆಲವೇ ವರ್ಷಗಳಲ್ಲಿ ಗೆಲ್ಲುವ ತಂಡವಾಯಿತು, ಆದರೆ ಅಷ್ಟರಲ್ಲಿ ಆಡುವವರು ಬದಲಾಗಿದ್ದರು.

ಆಡುವವರು ಬದಲಾಗುವುದು. ಒಂದು ತಂಡವನ್ನು ವರ್ಷ ವರ್ಷ ಹಿಂಬಾಲಿಸುವ ಅಭಿಮಾನಿಗೆ ಇದೇ ದೊಡ್ಡ ಪ್ರಶ್ನೆ, ನನ್ನ ಆಯ್ಕೆ ನಿಂತಿರುವುದೂ ಇದರ ಮೇಲೆಯೇ. ಆಟದ ಗುಣಮಟ್ಟ ಮಾತ್ರ ಬೇಕೆಂದರೆ ಎರಡನೇ ಡಿವಿಷನ್‌ಗೆ ಸಾಟಿಯಿಲ್ಲ. 2024ರ ಮಾರ್ಚ್‌ನ ಎರಡನೇ ಡಿವಿಷನ್ ಫೈನಲ್‌ನಲ್ಲಿ ಮ್ಯಾಂಕೇಟೊದ ಕೈರೀಸ್ ವಿಲ್ಲಿಂಗ್‌ಹ್ಯಾಮ್ ಕೊನೆಯ ಕ್ಷಣದ ಮೂರಂಕದ ಎಸೆತದಿಂದ ಹಿಂದಿನ ವರ್ಷದ ವಿಜೇತ ನೋವಾ ಸೌತ್‌ಈಸ್ಟರ್ನ್ ತಂಡವನ್ನು 88-85ರಿಂದ ಕೆಡವಿದಾಗ ನಾನು ಮನೆಯಲ್ಲಿ ಕುರ್ಚಿಯಿಂದ ಎದ್ದು ನಿಂತುಬಿಟ್ಟಿದ್ದೆ. ಅದೇ ವಸಂತದಲ್ಲಿ ಆ ವಿಶ್ವವಿದ್ಯಾಲಯದ ಮಹಿಳೆಯರ ತಂಡವೂ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ಆದರೆ ಈ ಮಟ್ಟದಲ್ಲಿ ಒಬ್ಬ ಚೆನ್ನಾಗಿ ಆಡಿದ ಎಂದರೆ ಅವನನ್ನು ಮೇಲಿನವರು ಕರೆದುಕೊಳ್ಳುತ್ತಾರೆ. ನಾರ್ತ್‌ವೆಸ್ಟ್ ಮಿಸೌರಿ ಸ್ಟೇಟ್‌ಗೆ ಎರಡನೇ ಡಿವಿಷನ್‌ನ ನಾಲ್ಕು ಪ್ರಶಸ್ತಿ ತಂದ ತರಬೇತುದಾರ ಬೆನ್ ಮೆಕಾಲಮ್ 2024ರಲ್ಲಿ ಡ್ರೇಕ್ ವಿಶ್ವವಿದ್ಯಾಲಯಕ್ಕೆ ಹೊರಟಾಗ ಬೆನೆಟ್ ಸ್ಟರ್ಟ್ಜ್ ಸೇರಿ ತಂಡದ ಮುಖ್ಯ ಆಟಗಾರರೂ ಜೊತೆಗೆ ಹೊರಟರು. ಮೊದಲ ವರ್ಷವೇ ಮೊದಲ ಡಿವಿಷನ್‌ನಲ್ಲಿ 31 ಪಂದ್ಯ ಗೆದ್ದು, ರಾಷ್ಟ್ರೀಯ ಪಂದ್ಯಾವಳಿಯಲ್ಲಿ ದೊಡ್ಡ ಮಿಸೌರಿ ವಿಶ್ವವಿದ್ಯಾಲಯವನ್ನೂ ಸೋಲಿಸಿದರು. ಎರಡನೇ ಡಿವಿಷನ್‌ನ ತುದಿ ಎಷ್ಟು ಎತ್ತರದಲ್ಲಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಊರಲ್ಲಿ ಉಳಿದ ಅಭಿಮಾನಿಗೆ ಮಾತ್ರ ಮುಂದಿನ ನವೆಂಬರ್‌ನಲ್ಲಿ ಅಂಕಣದ ತುಂಬ ಅಪರಿಚಿತ ಮುಖಗಳು.

ನೇರ ಪ್ರಸಾರದ ವಿಷಯಕ್ಕೆ ಹೆಚ್ಚು ಹೇಳುವುದಿಲ್ಲ. ಮೂರೂ ಮಟ್ಟಗಳ ಬಹುತೇಕ ಪಂದ್ಯಗಳು ಅಂತರ್ಜಾಲದಲ್ಲಿ ಸಿಗುತ್ತವೆ, ಚಿತ್ರದ ಗುಣಮಟ್ಟ ಕಾಲೇಜಿಗೊಂದು ಥರ. ಒಮ್ಮೆ ಒಂದು ಕಾಲೇಜಿನ ಕ್ಯಾಮೆರಾ ದ್ವಿತೀಯಾರ್ಧವಿಡೀ ಅಂಕಣದ ಒಂದೇ ಅರ್ಧಕ್ಕೆ ಮುಖ ಮಾಡಿ ನಿಂತಿತ್ತು. ಸಾಧ್ಯವಾದಷ್ಟು ಹೋಗಿಯೇ ನೋಡಿ.

ನನ್ನ ಚಳಿಗಾಲ ಈಗ ಹೀಗೆ ಹಂಚಿಕೆಯಾಗಿದೆ: ತಿಂಗಳಿಗೊಂದು ಸಲ ಮ್ಯಾಂಕೇಟೊ, ರಜೆ ಸಿಕ್ಕರೆ ಮಾರ್ಚ್‌ನಲ್ಲಿ ಕ್ಯಾನ್ಸಸ್ ಸಿಟಿ, ಉಳಿದ ಬುಧವಾರ, ಶನಿವಾರಗಳೆಲ್ಲ ಮೂರನೇ ಡಿವಿಷನ್‌ಗೆ. ಮೊದಲ ಚಳಿಗಾಲದಲ್ಲಿ ಇಲ್ಲಿನ ಒಂದು ಕಾಲೇಜಿನ ಬೆಂಚಿನ ತುದಿಯಲ್ಲಿ ಒಬ್ಬ ಹುಡುಗನಿದ್ದ. ಆರಡಿ ಐದಂಗುಲ, ಕಡ್ಡಿಯಂಥ ಮೈ. ಎಂಟನೆಯವನಾಗಿ ಅಂಕಣಕ್ಕೆ ಬಂದಾಗಲೆಲ್ಲ ರೀಬೌಂಡ್‌ಗೆ, ಅಂದರೆ ಬುಟ್ಟಿ ತಪ್ಪಿ ಪುಟಿದು ಬರುವ ಚೆಂಡಿಗೆ, ಕಣ್ಣು ಮೇಲೆ ನೆಟ್ಟು ನಿಲ್ಲುತ್ತಿದ್ದ, ಎದುರಾಳಿ ಬೆನ್ನಿಗೆ ಒತ್ತಿ ಅವನನ್ನು ಬುಟ್ಟಿಯ ಕೆಳಗೆ ನೂಕಿಬಿಡುತ್ತಿದ್ದ. ಮರು ವರ್ಷ ಅವನು ಮೊದಲು ಎದುರಾಳಿ ಎಲ್ಲಿದ್ದಾನೆಂದು ಮೊಣಕೈಯಿಂದ ತಡವಿ ನೋಡುವುದನ್ನು ಕಲಿತಿದ್ದ. ಮೂರನೇ ವರ್ಷ ಸೊಂಟ ತಗ್ಗಿಸಿ ನಿಲ್ಲುವುದನ್ನು. ಕಳೆದ ಫೆಬ್ರವರಿಯಲ್ಲಿ, ಹೊರಗೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿದ್ದ ಬುಧವಾರ ರಾತ್ರಿ, ಮೊದಲ ಐವರಲ್ಲಿ ಒಬ್ಬನಾಗಿ ಆಡುತ್ತಿದ್ದ ಅವನು ತನಗಿಂತ ದಪ್ಪನೆಯ ಸೆಂಟರ್‌ನನ್ನು ಬೆನ್ನಿನಿಂದಲೇ ಮೂರು ಹೆಜ್ಜೆ ಹಿಂದಕ್ಕೆ ಸರಿಸಿದ. ಕೈ ಎತ್ತುವ ಅಗತ್ಯವೂ ಬೀಳಲಿಲ್ಲ. ಚೆಂಡು ಒಮ್ಮೆ ನೆಲಕ್ಕೆ ಪುಟಿದು ಅವನ ಎದೆಯ ಮಟ್ಟಕ್ಕೆ ಬಂತು, ಎರಡೂ ಕೈಯಲ್ಲಿ ಹಿಡಿದುಕೊಂಡ.